ಮೊದಲು ಏನಿತ್ತು

ಕೋಟಿನ ಬೆನ್ನ ಹೊಲಿಗೆಗೆ ಕತ್ತರಿ ಹಾಕಿ ಟೈಲರ್ ಅಕ್ಕ ಕಾಲರಿನವರೆಗೂ ಸೀಳುತ್ತ ಹೋದಳು. ಸೆಟೆದುಕೊಂಡ ದೇಹಕ್ಕೆ ತೋಳು ತೊಡಿಸಲು ಬೇರೆ ದಾರಿಯಿರಲಿಲ್ಲ. ಮಂಚದ ಮೇಲೆ ರಿಪೇರಿ ತಾತ ಮಲಗಿದ್ದರು. ಗಡ್ಡ ಬೋಳಿಸಿದ ಮುಖ ನುಣ್ಣಗಿತ್ತು. ಎಷ್ಟು ತೊಳೆದರೂ ಹೋಗದ ಗ್ರೀಸು ಉಗುರಿನ ಸಂದಿಯಲ್ಲಿ ಉಳಿದಿತ್ತು.

“ಹೊಸ ಅಂಗಿ ಇತ್ತಲ್ಲ ಅಜ್ಜಿ, ಅದನ್ನೇ ಹಾಕ್ಬಹುದಿತ್ತು.”

“ಅಂಗಿ ಯಾರ ಹತ್ರ ಇರಲ್ಲ ಹೇಳು? ಇದು ಬಿರುದು ಕಣಮ್ಮ.” ಅಜ್ಜಿ ನೀಲಿ ಕೋಟಿನ ಎಡಜೇಬಿನ ಮೇಲೆ ಬಿಳಿ ದಾರದಲ್ಲಿ ಹೊಲಿದಿದ್ದ ಅಕ್ಷರಗಳನ್ನು ಬೆರಳಿನಿಂದ ಸವರಿದರು. “ನಾನಂತೂ ಶಾಲೆ ಮೆಟ್ಟಿಲು ಹತ್ತಿದೋಳಲ್ಲ. ಏನ್ರೀ ಬರೆದಿದೆ ಅಂತ ಕೇಳಿದ್ದಕ್ಕೆ ‘ಮೇಷ್ಟ್ರು ಅಂತ’ ಅಂದ್ರು. ಹೋಗೋವಾಗ ಮೇಷ್ಟ್ರಾಗೇ ಹೋಗ್ಲಿ.”

ಕತ್ತರಿ ನಿಂತಿತು. ಆ ಅಕ್ಷರಗಳನ್ನು ಹೊಲಿದವಳು ಅವಳೇ. ಅಲ್ಲಿದ್ದದ್ದು ‘ಕಲಿಕಾರ್ಥಿ’.

“ಜೇಬು ಸ್ವಲ್ಪ ಬಿಟ್ಕೊಂಡಿದೆ ಅಜ್ಜಿ. ಐದು ನಿಮಿಷ ಮಷೀನಿಗೆ ಒಯ್ದು ತರ್ಲಾ?”

“ಬೇಡಮ್ಮ, ವ್ಯಾನು ಬಂದು ನಿಂತಿದೆ. ಅವರು ಹಾಕ್ಕೊಳ್ತಿದ್ದ ಹಾಗೇ ಇರ್ಲಿ.” ಅಜ್ಜಿ ಕೋಟಿನ ಅಂಚು ಹಿಡಿದ ಕೈ ಸಡಿಲಿಸಲಿಲ್ಲ.

*

ಎರಡು ವರ್ಷದ ಕೆಳಗೆ ಬೀದಿಯ ಸಂಘಕ್ಕೆ ಕಾರ್ಯದರ್ಶಿ ಬೇಕಾದಾಗ, ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ ಟೈಲರ್ ಅಕ್ಕನನ್ನು ಆರಿಸಿದ್ದರು. ಗಾಳಿಗೆ ಇಂಗಾಲ ಸೇರುವುದನ್ನು ಕಡಿಮೆ ಮಾಡುವ ಕೆಲಸವನ್ನು ಜನರೇ ಕೂಡಿ ನಡೆಸಿದರೆ ನಗರಸಭೆ ಅನುದಾನ ಕೊಡುತ್ತದಂತೆ ಎಂಬ ಸುದ್ದಿ ತಂದವನು ಸಂಘದ ಅಧ್ಯಕ್ಷನಾದ ಬೇಕರಿಯವನು. ಹಾಳಾದದ್ದನ್ನು ಎಸೆಯದೆ ರಿಪೇರಿ ಮಾಡಿ ಬಳಸುವುದೂ ಆ ಪಟ್ಟಿಯಲ್ಲಿತ್ತು.

“ನಾನು ಸಿಗರೇಟು ಬಿಟ್ಟಿದ್ದಕ್ಕೂ ಏನಾದ್ರೂ ಕೊಡ್ತಾರಾ ಕೇಳು. ಅದೂ ಹೊಗೆನೇ ಅಲ್ವಾ?” ಎಂದು ತಾತ ನಕ್ಕಿದ್ದರು.

ಮೆಟ್ಟಿಲ ಕೆಳಗಿನ ಶೆಡ್ಡಿನಲ್ಲಿ ಮೂವತ್ತೆಂಟು ವರ್ಷದಿಂದ ಅವರು ಮಾಡುತ್ತಿದ್ದದ್ದೂ ಅದೇ. ಫ್ಯಾನು, ಇಸ್ತ್ರಿಪೆಟ್ಟಿಗೆ, ರೇಡಿಯೋ, ಕೊಡೆ. ಅವಳ ಹೊಲಿಗೆ ಮಷೀನು ಮೂರು ಸಲ ಸತ್ತು ಮೂರು ಸಲವೂ ಅವರ ಕೈಯಲ್ಲೇ ಜೀವ ಹಿಡಿದಿತ್ತು. ಆದರೆ ಅನುದಾನ ಹೊಸ ಯೋಜನೆಗೆ ಮಾತ್ರ. ‘ಈ ಸ್ಥಳದಲ್ಲಿ ಮೊದಲು ಏನಿತ್ತು?’ ಎಂದು ಫಾರಂ ಕೇಳುತ್ತಿತ್ತು. ಜೊತೆಗೆ ಫೋಟೋ ಬೇರೆ ಇಡಬೇಕಿತ್ತು.

“ಏನೂ ಇರಲಿಲ್ಲ ಅಂತ ಬರಿ,” ಎಂದ ಬೇಕರಿಯವನು. “ಇತ್ತು ಅಂದ್ರೆ ಅನುದಾನದ ಆಸೆ ಬಿಟ್ಟ ಹಾಗೇ.”

ಅವಳು ತಾತನ ಮುಖ ನೋಡಿದಳು.

“ಬರಿಯಮ್ಮ. ಬೀದಿಗೆ ಒಳ್ಳೇದಾಗೋದಾದ್ರೆ ನನ್ನ ಗಂಟೇನು ಹೋಗತ್ತೆ?”

ಅವಳು ದುಂಡಗೆ ಬರೆದಳು. ಫೋಟೋಗಾಗಿ ಶೆಡ್ಡು ಬರಿದು ಮಾಡುವಾಗ ಸಾಮಾನು ಹೊತ್ತು ಹೊರಗಿಟ್ಟವರೂ ತಾತನೇ. ಸುತ್ತಿಗೆ, ಇಕ್ಕಳ ತೂಗುಹಾಕಿದ್ದ ಕಡೆಯೆಲ್ಲ ಗೋಡೆಯ ಮೇಲೆ ಅವುಗಳ ಆಕಾರ ಬೆಳ್ಳಗೆ ಉಳಿದಿತ್ತು. “ಇದು ಫೋಟೋದಲ್ಲಿ ಕಾಣತ್ತಲ್ಲ,” ಎಂದು ಅವಳೇ ಬಾಯಿ ಬಿಟ್ಟಳು. ತಾತ ಒಂದು ಚಿಂದಿ ಬಟ್ಟೆಗೆ ಮಸಿ ಹಚ್ಚಿಕೊಂಡು ಬಂದು, ಒಂದೊಂದೇ ಆಕಾರವನ್ನು ಒರೆಸಿ ಹಾಕಿದರು.

ಅನುದಾನ ಬಂತು. ಹೊಸ ಬೆಂಚು, ಹೊಸ ಬೋರ್ಡು, ಹತ್ತು ದಿನದ ತರಬೇತಿ. ಸರ್ಟಿಫಿಕೇಟು ಇದ್ದವರೇ ಕಲಿಸಬೇಕೆಂಬ ನಿಯಮ ಇದ್ದುದರಿಂದ ಹೊರಗಿನಿಂದ ಒಬ್ಬನನ್ನು ಕರೆಸಿದರು. ಸ್ಕ್ರೂಡ್ರೈವರ್ ಹಿಡಿಯುವುದು ಹೇಗೆಂದು ಆತ ತೋರಿಸಿಕೊಟ್ಟಾಗ, ಕಲಿಯಲು ಬಂದವರಿಗೆಲ್ಲ ಕೊಟ್ಟಿದ್ದ ನೀಲಿ ಕೋಟು ತೊಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದ ತಾತ ಅವಳತ್ತ ಕಣ್ಣು ಮಿಟುಕಿಸಿದರು. “ಪಾಸ್ ಮಾಡಿಸ್ತೀಯಾ ತಾನೇ?”

ಅವಳೂ ನಕ್ಕಿದ್ದಳು. ಅಯ್ಯೋ, ನಕ್ಕಿದ್ದಳಲ್ಲ.

*

ಕೋಟು ತೊಡಿಸಿ ತಾತನನ್ನು ಹಜಾರಕ್ಕೆ ತಂದರು. ಜನ ಹತ್ತಿರ ಬಂದು ಮುಖ ನೋಡುತ್ತಿದ್ದರು. ಜೇಬಿನ ಮೇಲೆ ಕಣ್ಣು ಬಿದ್ದದ್ದೇ ಗೋಡೆ ನೋಡುತ್ತಿದ್ದರು.

“ಇದನ್ನ್ಯಾಕೆ ಹಾಕಿದ್ರಿ?” ಬೇಕರಿಯವನು ಅವಳ ಕಿವಿಯಲ್ಲಿ ಗೊಣಗಿದ.

“ಅಜ್ಜಿ ಆಸೆ. ಅದರಲ್ಲಿ ಮೇಷ್ಟ್ರು ಅಂತ ಇದೆ ಅಂದ್ಕೊಂಡಿದ್ದಾರೆ. ತಾತನೇ ಹಾಗೆ ಹೇಳಿದ್ರಂತೆ.”



ಅಷ್ಟರಲ್ಲಿ ನಗರಸಭೆಯ ಅಧಿಕಾರಿ ಹೂವಿನ ಹಾರ ಹಿಡಿದು ಬಂದರು. “ನಮ್ಮ ಯೋಜನೆಯಲ್ಲಿ ತರಬೇತಿ ಪಡೆದವರ ಪೈಕಿ ಇವರೇ ಹಿರಿಯರು,” ಎಂದು ಶುರು ಮಾಡಿದರು.

ಅಜ್ಜಿ ಅವರ ತೋಳು ಹಿಡಿದರು. “ಸಾರ್, ನೀವು ಓದಿದೋರು. ಜೇಬಿನ ಮೇಲಿರೋದನ್ನ ಎಲ್ಲರಿಗೂ ಕೇಳೋ ಹಾಗೆ ಒಂದ್ಸಲ ಓದಿ.”

ಅಧಿಕಾರಿ ಬಗ್ಗಿದರು. ಬಾಯಿ ತೆರೆದರು.

“ಮೇಷ್ಟ್ರು,” ಎಂದಳು ಟೈಲರ್ ಅಕ್ಕ, ಅಗತ್ಯಕ್ಕಿಂತ ಜೋರಾಗಿ.

ಅಜ್ಜಿಯ ಮುಖ ಅರಳಿತು. “ನೋಡಿದ್ರಾ? ಒಂದಿನ ಮನೆಗೆ ಬಂದವರೇ ‘ನಾನು ಮೊದಲು ಏನ್ ಕೆಲಸ ಮಾಡ್ತಿದ್ದೆ, ಹೇಳು ನೋಡೋಣ’ ಅಂತ ಕೇಳಿದ್ರು. ಮರೆವು ಶುರುವಾಯ್ತೇನೋ ಅಂತ ಹೆದರಿದ್ದೆ. ಮೇಷ್ಟ್ರಿಗೆ ಎಲ್ಲಿಯ ಮರೆವು!”

ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಧಿಕಾರಿಯನ್ನು ಬಾಗಿಲಾಚೆ ಕರೆದೊಯ್ದಳು.

“ಸಾರ್, ಶೆಡ್ಡಲ್ಲಿ ಮೊದಲೂ ಇತ್ತು. ತಾತ ಇದ್ರು. ಏನೂ ಇರಲಿಲ್ಲ ಅಂತ ಬರೆದೋಳು ನಾನೇ.”

ಅಧಿಕಾರಿ ತಮ್ಮ ಬೂಟು ನೋಡಿಕೊಂಡರು. “ನಂಗೂ ಗೊತ್ತಿತ್ತಮ್ಮ. ನಮ್ಮನೆ ಫ್ಯಾನು ಇವರೇ ಎರಡು ಸಲ ರಿಪೇರಿ ಮಾಡಿಕೊಟ್ಟಿದ್ದಾರೆ.”

“ಮತ್ತೆ ನೀವ್ಯಾಕೆ ಸುಮ್ಮನಿದ್ರಿ?”

“ಇದ್ದದ್ದನ್ನ ಉಳಿಸ್ಕೊಳ್ಳೋಕೆ ಅಂತ ದುಡ್ಡು ಕೊಡೋ ಫಾರಂ ನಮ್ಮಲ್ಲಿಲ್ಲ. ಹೊಸದಾದ್ರೆ ಸಹಿ ಹಾಕೋದು ಸುಲಭ.”

ವ್ಯಾನಿನವನು ಹಾರನ್ ಒತ್ತಿದ. ಇಬ್ಬರೂ ಒಳಗೆ ಬಂದರು. ಅಧಿಕಾರಿ ಹಾರವನ್ನು ತಾತನ ಕೊರಳಿಗೆ ಹಾಕಲಿಲ್ಲ. ಮಡಚಿ, ಎಡಜೇಬಿನ ಮೇಲಿಟ್ಟರು. ಬೇಕರಿಯವನು ಅದನ್ನು ಕಂಡು, ತಾನು ತಂದ ಹೂವನ್ನೂ ಅಲ್ಲಿಗೇ ಸುರಿದ. ಅವನ ಹಿಂದೆ ನಿಂತವರು ಒಬ್ಬೊಬ್ಬರಾಗಿ ಮುಂದೆ ಬಂದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಪಾದಗಳ ಮೇಲೆ ಒಂದು ಎಸಳೂ ಇರಲಿಲ್ಲ, ಕೋಟಿನ ಬಲಭಾಗ ಬೋಳಾಗಿತ್ತು. ಎಡಗಡೆ ಮಾತ್ರ ಗೇಣುದ್ದ ಹೂವಿನ ಗುಡ್ಡೆ ಎದ್ದಿತು. ಕೊನೆಯ ಹಿಡಿ ಅವಳದು.

ನಾಲ್ವರು ಹೆಗಲು ಕೊಡಲು ಬಗ್ಗಿದರು.

“ತಡೀರಪ್ಪ, ಒಂದು ನಿಮಿಷ,” ಎಂದರು ಅಜ್ಜಿ. ಮುಂದೆ ಬಂದು, ಎರಡೂ ಅಂಗೈಗಳಿಂದ ಆ ಹೂವನ್ನೆಲ್ಲ ಪಕ್ಕಕ್ಕೆ ಸರಿಸಿದರು; ದಾರದೊಳಗೆ ಸಿಕ್ಕಿಕೊಂಡಿದ್ದ ಎಸಳುಗಳನ್ನೂ ಒಂದೊಂದಾಗಿ ಆರಿಸಿ ತೆಗೆದರು. ಆಮೇಲೆ ಸೆರಗಿನ ತುದಿಯಿಂದ ಅಕ್ಷರಗಳನ್ನು ಒರೆಸಿದರು.

“ಈಗ ಎತ್ತಿ. ಬೀದಿಯೋರು ಓದ್ಲಿ.”