ಉಡಿದಾರದ ಸ್ಪ್ಯಾನರ್

ಉಡಿದಾರ ಕತ್ತರಿಸಲು ಬ್ಲೇಡು ತಾಗಿಸಿದ ಮನೋಹರ ತಟಕ್ಕನೆ ಕೈ ತಡೆದ. ಅಂಗಳದ ಹಲಗೆಯ ಮೇಲೆ ಅಣ್ಣ ಕೃಷ್ಣಪ್ಪನ ಹೆಣ. ಮೂರು ಕೊಡ ನೀರು ಆಗಲೇ ಹೊಯ್ದಾಗಿತ್ತು. ಒದ್ದೆ ದಾರದಲ್ಲಿ ಪೆಟ್ಟಿಗೆಯ ಕೀಲಿಯ ಜೊತೆಗೆ ಬೆರಳುದ್ದದ ಇನ್ನೇನೋ ಸಿಕ್ಕಿಕೊಂಡಿತ್ತು.

"ಇದೇನಪ್ಪ ಇದು, ಸ್ಪ್ಯಾನರ್ ಕಟ್ಕಂಡವ್ನಲ್ಲ!" ಅಂದವನು ದಾರ ಕತ್ತರಿಸಿ, ಎರಡನ್ನೂ ಅಣ್ಣನ ಮಗಳ ಕೈಗೆ ಹಾಕಿದ. "ಇಟ್ಕಳವ್ವ. ಕೀಲಿ ಬೇಕಾಗ್ತದೆ."

ಭವ್ಯಶ್ರೀ ಅವನ್ನು ದುಪಟ್ಟಾದ ತುದಿಗೆ ಗಂಟು ಹಾಕಿಕೊಂಡಳು. ಅದೇನು, ಯಾಕೆ ಎಂದು ಯೋಚಿಸುವ ಸ್ಥಿತಿಯಲ್ಲಿ ಅವಳಿರಲಿಲ್ಲ. ಕಿವಿಯೆಲ್ಲ ಜಗುಲಿಯ ಕಡೆಗಿತ್ತು. ಅಲ್ಲಿ ಪಕ್ಕದ ಮನೆ ಲಕ್ಕಮ್ಮ ಗುಟ್ಟು ಹೇಳುವವಳಂತೆ, ಆದರೆ ಹತ್ತು ಜನಕ್ಕೆ ಕೇಳುವಂತೆ ಹೇಳುತ್ತಿದ್ದಳು.

"ಕಾರು ಸ್ಟಾರ್ಟೇ ಆಗ್ನಿಲ್ವಂತೆ ಕಣಕ್ಕ. ಬ್ಯಾಟ್ರಿ ಮಗ್ಳೇ ತಂದು ಆಕ್ಸಿದ್ದು. ಕಾಸು ಉಳ್ಸಕ್ಕೆ ಎಂಥದೋ ತಂದವ್ಳೆ. ಟೈಮಿಗೆ ಕೈ ಕೊಡ್ತು."

"ಗಂಡ್ಮಗ ಇದ್ದಿದ್ರೆ ಏನಾದ್ರೂ ಮಾಡಿ ಓಡಿಸ್ತಿದ್ದ ಬುಡು" ಅಂದಳು ಇನ್ನೊಬ್ಬಳು.

ಸಾವಿನ ಮನೆಯಲ್ಲಿ ಒಲೆಗೆ ಬೆಂಕಿ ಬೀಳುವುದಿಲ್ಲ, ನಾಲಿಗೆಗೆ ಮಾತ್ರ ರಜೆಯಿಲ್ಲ. ಬೇರೆ ಯಾವ ಮಾತಾಗಿದ್ದರೂ ಭವ್ಯಶ್ರೀ ಜಗಳಕ್ಕೆ ನಿಲ್ಲುತ್ತಿದ್ದಳು. ಆದರೆ ಆ ಬ್ಯಾಟರಿಯೇ ಅಪ್ಪನನ್ನು ಕೊಂದಿತು ಎಂದು ನಿನ್ನೆ ಬೆಳಗಿನಿಂದ ಅವಳೇ ತನಗೆ ಹೇಳಿಕೊಳ್ಳುತ್ತಿದ್ದಳು.

* * *

ಅದು ಇಪ್ಪತ್ತು ವರ್ಷದ ಹಳೆಯ ಬಿಳಿ ಮಾರುತಿ. ಕೃಷ್ಣಪ್ಪ ಹೆಂಡತಿಯ ಮಂಡಿನೋವಿಗೆ ಎಣ್ಣೆ ತಂದುಕೊಟ್ಟದ್ದನ್ನು ಊರು ಕಂಡಿಲ್ಲ, ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತಪ್ಪಿಸಿದ್ದನ್ನೂ ಕಂಡಿಲ್ಲ. ವೈರು ಕೂರುವ ಟರ್ಮಿನಲ್ ಮೇಲೆ ಬೆಳ್ಳಗೆ ಪುಡಿ ಕಟ್ಟಿದರೆ ಬಿಸಿನೀರು ಹೊಯ್ದು ತೊಳೆದು, ಒರೆಸಿ, ವ್ಯಾಸಲೀನ್ ಸವರುತ್ತಿದ್ದ. ಎಲ್ಲಿಗೂ ಹೋಗದಿದ್ದರೂ ಭಾನುವಾರ ಇಂಜಿನ್ ಚಾಲು ಮಾಡಿ ಗಡಿಯಾರ ನೋಡುತ್ತ ನಿಲ್ಲುತ್ತಿದ್ದ. "ಹತ್ತು ನಿಮಿಷ ಓಡ್ಬೇಕು ಕಣವ್ವ. ಆಗ್ಲೇ ಬ್ಯಾಟ್ರಿಗೆ ಜೀವ."

ಕೊಣನೂರಿನ ಶಾಲೆಯಲ್ಲಿ ಟೀಚರಾಗಿದ್ದ ಭವ್ಯಶ್ರೀ ಎರಡು ವರ್ಷದ ಹಿಂದೆ ಅರಕಲಗೂಡಿಗೆ ಹೋಗಿ ಡ್ರೈವಿಂಗ್ ಕಲಿತು ಲೈಸೆನ್ಸ್ ತಂದಾಗ ಅಪ್ಪ ಬೀದಿಗೆಲ್ಲ ಮೈಸೂರುಪಾಕು ಹಂಚಿದ. ಕಾರನ್ನು ಮಾತ್ರ ಕೊಡಲಿಲ್ಲ. ಕೊಡುವುದಿಲ್ಲ ಅಂತ ಬಾಯಿಬಿಟ್ಟು ಹೇಳಲೂ ಇಲ್ಲ. ಅವಳು ಕೀಲಿ ತಿರುಗಿಸಿದರೆ ಅದು ಕೆಮ್ಮುತ್ತಲೂ ಇರಲಿಲ್ಲ. ಆಗ ಅಪ್ಪ ನಗುತ್ತ ಬಂದು, "ಒಂದ್ಲೋಟ ನೀರ್ ತತ್ತಾ ಓಗು" ಅನ್ನುತ್ತಿದ್ದ. ಅವಳು ನೀರು ತರುವಷ್ಟರಲ್ಲಿ ಇಂಜಿನ್ ಗುಯ್‌ಗುಡುತ್ತಿರುತ್ತಿತ್ತು.

"ಇದ್ಕೆ ನನ್ ಕೈಯೇ ಆಗ್ಬೇಕು ಕಣವ್ವ. ಬ್ಯಾಟ್ರಿ ವೀಕು."

ನಂಬಿದಳು. ವೀಕಾದರೆ ಹೊಸದು ತಂದರಾಯಿತು ಎಂದು ಸಂಕ್ರಾಂತಿಗೆ ತನ್ನ ಸಂಬಳದಲ್ಲಿ ಕೊಣನೂರಿನ ಕೆಂಪಣ್ಣನ ಅಂಗಡಿಯಿಂದ ಬ್ಯಾಟರಿ ಹಾಕಿಸಿದಳು. ಎರಡು ವಾರ ಶಾಲೆಗೆ ಕಾರಿನಲ್ಲೇ ಹೋದಳು. ಅಷ್ಟು ಸಂತೋಷದ ದಿನಗಳು ಅವಳ ಬದುಕಿನಲ್ಲಿ ಹೆಚ್ಚಿರಲಿಲ್ಲ. ಮೂರನೇ ಸೋಮವಾರ ಕೀಲಿ ತಿರುಗಿಸಿದರೆ ಮತ್ತೆ ಅದೇ ಮೌನ.

"ಎಂಥಾ ಬ್ಯಾಟ್ರಿ ತಂದ್ಯವ್ವ ನೀನು" ಅಂದ ಅಪ್ಪ. ವಾಪಸು ಕೊಡೋಣವೆಂದರೆ "ಬುಡು, ನಾನ್ ನೋಡ್ಕತೀನಿ" ಅಂದ. ಅವಳು ಮತ್ತೆ ಬಸ್ ಸ್ಟಾಪಿಗೆ ನಡೆದಳು.

* * *

ಹಾರ ಹಿಡಿದು ಬಂದ ಕೆಂಪಣ್ಣ ಹೆಣದ ಕಾಲಿಗೆ ಕೈ ಮುಗಿದ. ಜಗುಲಿಯ ಮಾತು ಅವನ ಅಂಗಡಿಯವರೆಗೂ ನಡೆದುಹೋಗಿತ್ತು.

"ಮನೋಹರಣ್ಣ, ಸಾವಿನ್ ಮನೇಲಿ ಆಡೋ ಮಾತಲ್ಲ. ಆದ್ರೆ ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಆಕ್ದಂಗೆ, ಎಲ್ರೂ ನನ್ ಬ್ಯಾಟ್ರಿ ಮ್ಯಾಲೆ ಏಳ್ತಾವ್ರೆ. ಒಂದ್ಸಲ ಬಾನೆಟ್ ಎತ್ತಿ ನೋಡ್ಬುಡ್ತೀನಿ."

ಭವ್ಯಶ್ರೀಯೂ ಸೇರಿ ಮೂವರೂ ಕೊಟ್ಟಿಗೆಗೆ ಹೋದರು. ಕಾರನ್ನು ನಿನ್ನೆಯೇ ಮತ್ತೆ ಅಲ್ಲಿಗೆ ತಳ್ಳಿ ನಿಲ್ಲಿಸಿದ್ದರು. ಕೆಂಪಣ್ಣ ಬಾನೆಟ್ ಎತ್ತಿ ಒಳಕ್ಕೆ ಬಗ್ಗಿ ನೋಡಿದ. ಬ್ಯಾಟರಿಯ ಒಂದು ವೈರು ಟರ್ಮಿನಲ್ ಮೇಲಿರಲಿಲ್ಲ. ಅದರ ತುದಿಗೆ ಹಳೆ ಬನಿಯನ್ನಿನ ಚೂರು ಸುತ್ತಿ, ದಾರ ಕಟ್ಟಿ, ಪಕ್ಕಕ್ಕೆ ಮಡಚಿಟ್ಟಿತ್ತು. ಅವನು ಜೇಬಿನಿಂದ ಟೆಸ್ಟ್ ಲ್ಯಾಂಪ್ ತೆಗೆದು ಬ್ಯಾಟರಿಗೆ ಮುಟ್ಟಿಸಿದ. ಬಲ್ಬು ಕಣ್ಣು ಕುಕ್ಕುವಂತೆ ಹತ್ತಿಕೊಂಡಿತು.

"ಬ್ಯಾಟ್ರಿ ಕಲ್ಲಿದ್ದಂಗೆ ಅದೆ. ವೈರ್ ಕಿತ್ತೋಗಿರಾದಲ್ಲ, ಯಾರೋ ಬಿಚ್ಚಿ ಮಡಗಿರಾದು. ಇಂಗಿದ್ರೆ ಊರೆಲ್ಲ ಸೇರಿ ತಳ್ಳಿದ್ರೂ ಸ್ಟಾರ್ಟ್ ಆಗಲ್ಲ. ಹತ್ತು ನಂಬರ್ ಸ್ಪ್ಯಾನರ್ ಇದ್ದಿದ್ರೆ ಎರಡು ನಿಮಿಷದ ಕೆಲ್ಸ."

ಭವ್ಯಶ್ರೀ ದುಪಟ್ಟಾದ ಗಂಟು ಬಿಚ್ಚಿದಳು. ಸ್ಪ್ಯಾನರನ್ನು ಬ್ಯಾಟರಿಯ ಮೇಲಿಟ್ಟಳು. ನೀರಿನ ಪಸೆ ಅದರ ಮೇಲೆ ಇನ್ನೂ ಇತ್ತು.

"ಇಲಿಗಿಲಿ ಕಡೀತವೆ ಅಂತ ಬಿಚ್ಚಿರ್ತಾನೆ" ಅಂದ ಮನೋಹರ.

"ನಾನು ಓಡಿಸಬಾರ್ದು ಅಂತ ಬಿಚ್ಚಿದ್ದು ಚಿಕ್ಕಪ್ಪ. ಎರಡು ವರ್ಷದಿಂದ."

ಮನೋಹರ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಈ ವಿಚಾರ ಇಲ್ಲೇ ಇರ್ಲಿ. ತನ್ ಸಾವ ತಾನೇ ಉಡಿದಾರಕ್ಕೆ ಕಟ್ಕಂಡಿದ್ದ ಅಂತ ಜನ ಆಡ್ಕಂಡು ನಗ್ತಾರೆ. ಮಣ್ಣಾಗೋನಿಗೆ ಆ ಮಾತು ಬ್ಯಾಡ."

"ಮತ್ತೆ ನನ್ ಅಂಗಡಿ ಎಸ್ರು?" ಅಂದ ಕೆಂಪಣ್ಣ.

"ಬ್ಯಾಟ್ರಿ ಚೆನ್ನಾಗೇ ಇತ್ತು, ಹುಡ್ಗಿ ಗಾಬ್ರಿ ಬಿದ್ದು ಸ್ಟಾರ್ಟ್ ಮಾಡಕ್ಕಾಗ್ನಿಲ್ಲ ಅಂತ ಏಳಾನ. ಎಣ್ಮಕ್ಳು. ಯಾರೂ ತಪ್ಪು ತಿಳ್ಕಳಲ್ಲ."

ಕೆಂಪಣ್ಣ ಅವಳ ಮುಖ ನೋಡಲಿಲ್ಲ. ಕೈ ಒರೆಸಿಕೊಂಡು "ಅಂಗೇ ಆಗ್ಲಿ" ಅಂದ. ಸತ್ತವನ ಮಾನ ಉಳಿಯಿತು, ಅಂಗಡಿಯ ಹೆಸರು ಉಳಿಯಿತು. ಇಬ್ಬರೂ ಹಗುರಾಗಿ ಹೊರಗೆ ನಡೆದರು.

ಭವ್ಯಶ್ರೀ ನಡುಮನೆಗೆ ಹೋದಳು. ತಾಯಿ ನಂಜಮ್ಮ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು.

"ಅಮ್ಮ, ಅಪ್ಪ ಕಾರಿನ ವೈರ್ ಬಿಚ್ಚಿಡ್ತಿದ್ದದ್ದು ನಿಂಗೊತ್ತಿತ್ತಾ?"

"ವೈರೋ ಏನೋ ನಂಗೇನ್ ಗೊತ್ತವ್ವ. ಉಂಡಾದ್ಮೇಲೆ ಕೊಟ್ಟಿಗೆಗೆ ಓಗಿ ಏನೋ ಮಾಡಿ ಬರೋರು. 'ಲಾರಿಗೀರಿ ಎದ್ರಿಗೆ ಬಂದು ಅವ್ಳಿಗೇನಾರ ಆದ್ರೆ ನಾನ್ ಉಳಿಯಕಿಲ್ಲ ಕಣೆ' ಅನ್ನೋರು. ನಿಂಗೆ ಏಳ್ಬ್ಯಾಡ ಅಂದಿದ್ರು."

"ನಿನ್ನೆ? ನಿನ್ನೆನಾದ್ರೂ ಹೇಳಬಾರ್ದಿತ್ತಾ?"

"ಎದೆ ಇಡ್ಕಂಡು ಬಿದ್ದವ್ರ ಮುಂದೆ ನಂಗೆ ಅದೆಲ್ಲಿ ನೆಪ್ಪಾಗ್ಬೇಕು?" ಅಂದು ನಂಜಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

ನಂಜಮ್ಮನಿಗೆ ನೆನಪಾಗಿರಲಿಲ್ಲ. ಆದರೆ ಅಪ್ಪನಿಗೆ?

* * *

ನಿನ್ನೆ ಬೆಳಗ್ಗೆ ಡೇರಿಗೆ ಹಾಲು ಹಾಕಿ ಬಂದವನು ಮೆಟ್ಟಿಲ ಮೇಲೆ ಕುಸಿದಿದ್ದ. ಕೊಣನೂರಿನ ಆಸ್ಪತ್ರೆಗೆ ಕಾರಿನಲ್ಲಿ ಹತ್ತು ನಿಮಿಷದ ದಾರಿ. ಲಕ್ಕಮ್ಮನ ಮನೆಯವರು ಬಂದು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಭವ್ಯಶ್ರೀ ಕೀಲಿ ತಿರುಗಿಸಿದಳು. ಸದ್ದಿಲ್ಲ. ಮತ್ತೆ ತಿರುಗಿಸಿದಳು. ನಾಲ್ಕು ಜನ ಅಂಗಳದುದ್ದಕ್ಕೂ ತಳ್ಳಿದರು. ಏನೂ ಇಲ್ಲ.

ಅವಳು ಇಳಿದು ಹಿಂದಿನ ಬಾಗಿಲಿಗೆ ಓಡಿದಾಗ ಅಪ್ಪನ ಬಲಗೈ ಸೊಂಟದ ಹತ್ತಿರ ತಡಕಾಡುತ್ತಿತ್ತು. ಪಂಚೆಯ ಗಂಟನ್ನು ಸಡಿಲಿಸಲು ನೋಡುತ್ತಿದ್ದ. ಬಾಯಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಜನರ ಮುಂದೆ ಪಂಚೆ ಜಾರೀತೆಂಬ ಸಂಕೋಚ ಅಂದುಕೊಂಡಳು.

"ಸರಿಯಾಗೇ ಇದೆ ಕಣಪ್ಪ, ಸುಮ್ನಿರು" ಅಂದು ಆ ಕೈಯನ್ನು ಎತ್ತಿ ಎದೆಯ ಮೇಲಿಟ್ಟಳು. ಅದು ಮತ್ತೆ ಸೊಂಟಕ್ಕೆ ಹೋಯಿತು. ಅವಳು ಮತ್ತೆ ಎತ್ತಿಟ್ಟಳು. ಈ ಸಲ ಬಿಗಿಯಾಗಿ ಹಿಡಿದುಕೊಂಡಳು.

ಗೂಡ್ಸ್ ಆಟೋ ಬರುವಷ್ಟರಲ್ಲಿ ಅವಳ ಹಿಡಿತದಲ್ಲೇ ಆ ಕೈ ತಣ್ಣಗಾಗಿತ್ತು.

* * *

ತಮಟೆ ಶುರುವಾಯಿತು. ಚಟ್ಟ ಎತ್ತಿದರು. ಮಣ್ಣು ಮಾಡುವ ಹೊಲದವರೆಗೆ ನಡೆಯಲಾರದ ನಂಜಮ್ಮನಿಗೆ ಆಟೋ ಹೇಳಿ ಬಂದ ಮನೋಹರ ಚಟ್ಟದ ಮುಂದೆ ನಿಂತ. ಜಗುಲಿಯ ಮೇಲೆ ಲಕ್ಕಮ್ಮ ಹೊಸ ಸುದ್ದಿ ಹಂಚುತ್ತಿದ್ದಳು: "ಬ್ಯಾಟ್ರಿ ಸರಿಯಾಗೇ ಇತ್ತಂತೆ ಕಣ್ರವ್ವ. ಆ ಹುಡ್ಗಿಗೇ ಓಡ್ಸಕ್ಕೆ ಬರ್ನಿಲ್ವಂತೆ!"

ಭವ್ಯಶ್ರೀ ಕೊಟ್ಟಿಗೆಗೆ ಹೋದಳು. ಬನಿಯನ್ನಿನ ಚೂರು ಬಿಚ್ಚಿ ಎಸೆದಳು. ವೈರನ್ನು ಟರ್ಮಿನಲ್‌ಗೆ ಕೂರಿಸಿ, ಅಪ್ಪನ ಸ್ಪ್ಯಾನರಿನಿಂದ ನಟ್ಟು ಬಿಗಿದಳು. ಎರಡು ನಿಮಿಷವೂ ಬೇಕಾಗಲಿಲ್ಲ. ಬಾನೆಟ್ ಮುಚ್ಚಿ, ಒಳಗೆ ಕೂತು ಕೀಲಿ ತಿರುಗಿಸಿದಳು.

ಒಂದೇ ಸಲಕ್ಕೆ ಇಂಜಿನ್ ಹತ್ತಿಕೊಂಡಿತು.

ತಮಟೆ ನಿಂತಿತು. ಬೀದಿಗೆ ಇಳಿದಿದ್ದ ಚಟ್ಟ ಅಲ್ಲೇ ತಡೆಯಿತು. ಜಗುಲಿಯ ಹೆಂಗಸರು, ಹೆಗಲು ಕೊಟ್ಟ ಗಂಡಸರು, ಗೇಟಿನ ಹತ್ತಿರ ಚಪ್ಪಲಿ ಮೆಟ್ಟುತ್ತಿದ್ದ ಕೆಂಪಣ್ಣ, ಎಲ್ಲರೂ ಕೊಟ್ಟಿಗೆಯ ಕಡೆ ತಿರುಗಿದರು. ಮನೋಹರ ಓಡಿ ಬಂದು ಗಾಜು ಬಡಿದ.

"ಆಫ್ ಮಾಡವ್ವ! ಹೆಣ ಒಂಟದೆ, ಆಫ್ ಮಾಡು!"

ಅವಳು ಆಫ್ ಮಾಡಲಿಲ್ಲ. ಹಿಂದಿನ ಸೀಟಿನ ಕೆಳಗೆ ಅಪ್ಪನ ಒಂದು ಚಪ್ಪಲಿ ನಿನ್ನೆ ಬಿದ್ದಲ್ಲೇ ಬಿದ್ದಿತ್ತು. ಭವ್ಯಶ್ರೀ ಕೈಗಡಿಯಾರ ಬಿಚ್ಚಿ ಸ್ಟೀರಿಂಗ್ ಮುಂದಿಟ್ಟುಕೊಂಡು, ಹತ್ತು ನಿಮಿಷ ಆಗುವುದನ್ನೇ ನೋಡುತ್ತ ಕೂತಳು.