ವಾಟಿ ಡುತೀ ಕಣಿವೆಗೆ ಹೇಳಿದ ವಿದಾಯ

ನಮ್ಮ ಕಣಿವೆಯಲ್ಲಿ ಯಾರಾದರೂ ಮದುವೆಯಾದರೆ ಪಿಟೀಲಿನ ಒಂದು ಮಟ್ಟು, ಮಗು ಹುಟ್ಟಿದರೆ ಒಂದು ಮಟ್ಟು, ಸತ್ತರೆ ಒಂದು ಮಟ್ಟು. ಇವನ್ನೆಲ್ಲ ಕಟ್ಟುತ್ತಿದ್ದವರು ಲಡೋವಿಕ್ ಗಾಲ್ಡ್. ಹಗಲಲ್ಲಿ ಅವರು ಹೊಲಗಳ ಅಂಚಿಗೆ ಗಾರೆಯಿಲ್ಲದ ಕಲ್ಲುಗೋಡೆ ಕಟ್ಟುತ್ತಿದ್ದರು, ಶುಕ್ರವಾರ ಸಂಜೆ ಊರಿನ ಹಾಲ್‌ನಲ್ಲಿ ಪಿಟೀಲು ನುಡಿಸುತ್ತಿದ್ದರು. ಹನ್ನೊಂದನೆಯ ವಯಸ್ಸಿಗೆ ಅಪ್ಪನ ಪಿಟೀಲು ಕೈಗೆತ್ತಿಕೊಂಡವರಿಗೆ ನಾನು ಹೇಳುತ್ತಿರುವ ಕಾಲಕ್ಕೆ ಅರವತ್ತೆಂಟು. ಅವರ ಬೆನ್ನ ಹಿಂದೆ ಪಿಯಾನೋದ ಮೇಲೆ ಧಂ ಧಂ ಎಂದು ತಾಳ ಹಾಕುತ್ತಿದ್ದವಳು ನಾನು, ಅಂಚೆ ಕಚೇರಿಯ ಬೆಥಿಯಾ ಮಿಲ್ನ್. ಇಪ್ಪತ್ತೇಳು ವರ್ಷ ಅದೇ ಬೆನ್ನನ್ನು ನೋಡಿದ್ದೇನೆ. ಅವರ ಕೋಟಿನ ಹೊಲಿಗೆ ಎಲ್ಲೆಲ್ಲಿ ಬಿಟ್ಟಿದೆ ಎಂಬುದು ಅವರ ಹೆಂಡತಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು.

ಮಟ್ಟು ಕಟ್ಟುವುದಕ್ಕಿಂತ ಅದಕ್ಕೆ ಹೆಸರಿಡುವುದರಲ್ಲೇ ಜಗಳ ಹೆಚ್ಚು. ಮಿಸೆಸ್ ಲೀಪರ್ ಅವರ ಐವತ್ತನೆಯ ಹುಟ್ಟುಹಬ್ಬಕ್ಕೆ ಕುಣಿತದ ಚುರುಕು ಮಟ್ಟೊಂದನ್ನು ಕೊಟ್ಟರೆ, ಆಕೆ, "ನಾನೇನು ನಾಯಿ ಅಟ್ಟಿಸಿಕೊಂಡ ಕೋಳಿ ಹಾಗೆ ಓಡಾಡ್ತೀನಾ?" ಎಂದು ಮುನಿಸಿಕೊಂಡರು. ಮರುವರ್ಷ ನಿಧಾನದ್ದು ಕೊಟ್ಟರೆ, "ನಾನಿನ್ನೂ ಸತ್ತಿಲ್ಲ ಕಣಯ್ಯಾ" ಎಂದರು. ಪಾದ್ರಿಗಳಿಗೆ ಕಟ್ಟಿದ್ದರ ಹೆಸರು 'ಪಾದ್ರಿಗಳ ಮೋಟಾರ್ ಸೈಕಲ್ಲು ಹಳ್ಳಕ್ಕೆ ಬಿದ್ದದ್ದು'. 'ಪಾದ್ರಿಗಳ ಸವಾರಿ' ಎಂದು ಬದಲಾಯಿಸಬಾರದೇ ಎಂದು ಅವರೇ ಬಂದು ಕೇಳಿದರು.

"ಬಿದ್ದಿದ್ದು ನಿಜ ತಾನೆ, ಸ್ವಾಮಿ?"

"ಬಿದ್ದಿದ್ದು ನಿಜ."

"ಹಂಗಾದ್ರೆ ಬಿದ್ದಿದ್ದು ಅಂತ್ಲೇ ಇರ್ಲಿ. ನನ್ನ ಮಟ್ಟಿನ ಹೆಸರಲ್ಲಿ ಸುಳ್ಳು ಬರೆಯಲ್ಲ."

ಹೀಗೆ ಅವರ ಪುಸ್ತಕದಲ್ಲಿ ಇನ್ನೂರ ಹನ್ನೊಂದು ಮಟ್ಟುಗಳಾಗಿದ್ದವು. ಕುಣಿಯುವುದಕ್ಕೆ ಏನೂ ಅಡ್ಡಿಯಿಲ್ಲ. ಆದರೆ ಮರುದಿನ ಬೆಳಿಗ್ಗೆ ಹಾಲು ಕರೆಯುವಾಗ ಅವುಗಳಲ್ಲಿ ಒಂದನ್ನಾದರೂ ಗುನುಗಿದವರನ್ನು ನಾನು ಕಾಣೆ. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಪಿಟೀಲನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತಾ, "ಬೆತ್ತಿ, ಇನ್ನೂರ ಹನ್ನೊಂದು ಗೋಡೆ ಕಟ್ಟಿದ್ದಿದ್ರೆ ಒಂದಾದ್ರೂ ನಿಂತಿರ್ತಿತ್ತು" ಎಂದಿದ್ದರು.

ಅಂಥ ಹೊತ್ತಿನಲ್ಲಿ ಕುರಿ ಕಾಯುವ ವಾಟಿ ಡುತೀ ಕೆನಡಾಕ್ಕೆ ಹೊರಟ. ವಾಟಿಗೆ ಐವತ್ತನಾಲ್ಕು, ಮದುವೆಯಿಲ್ಲ. ಟಗರೊಂದು ಗುದ್ದಿದ್ದರಿಂದ ಎಡಗಾಲು ಸ್ವಲ್ಪ ಎಳೆಯುತ್ತಿತ್ತು. ಅಲ್ಲಿ ನೆಲೆಸಿದ್ದ ಅಕ್ಕ, 'ಇಲ್ಲಿಗೇ ಬಂದುಬಿಡು, ಮನೆ ದೊಡ್ಡದಿದೆ' ಎಂದು ಬರೆದಿದ್ದಳು. ಊರು ಬಿಡುವವರಿಗೆ ವಿದಾಯದ ಮಟ್ಟು ಕಟ್ಟುವುದು ನಮ್ಮಲ್ಲಿ ವಾಡಿಕೆ. ಲಡೋವಿಕ್ ಒಂಬತ್ತು ದಿನ ಮನೆಯಿಂದ ಹೊರಗೆ ಬರಲಿಲ್ಲ. ಅರ್ಧಕ್ಕೆ ನಿಂತ ಗೋಡೆಯನ್ನು ದಾಟಿ ಕುರಿಗಳು ಲೀಪರ್ ಅವರ ಟರ್ನಿಪ್ ಗೆಡ್ಡೆಗಳನ್ನೆಲ್ಲ ಮೇದವು.

ವಿದಾಯದ ಸಂಜೆ ಹಾಲ್ ತುಂಬಿತ್ತು. ಲಡೋವಿಕ್ ಕಮಾನು ಎಳೆದರು. ಮೊದಲರ್ಧದಲ್ಲಿ ವಾಟಿಯ ನಡಿಗೆಯೇ ಇತ್ತು, ಮೂರನೆಯ ಹೆಜ್ಜೆಗೆ ಸಣ್ಣದಾಗಿ ತಡೆದು ಮತ್ತೆ ಮುಂದೆ ಹೋಗುವ ಆ ಎಳೆತ. ಎರಡನೆಯ ಅರ್ಧ ಗುಡ್ಡ ಹತ್ತಿದಂತೆ ಮೇಲೇರಿ, ತಿರುಗಿ ನೋಡಿ, ಇಳಿಯಿತು. ನನ್ನ ಕೈಗಳು ಪಿಯಾನೋದ ಮೇಲೆ ತಾವಾಗಿಯೇ ನಿಂತವು. ಅವನ ನಾಯಿಯ ವಿಷಯಕ್ಕೆ ವಾಟಿಯೊಡನೆ ಆರು ವರ್ಷ ಮಾತು ಬಿಟ್ಟಿದ್ದ ಮಿಸೆಸ್ ಲೀಪರ್ ಕೂಡ ಮೂಗು ಒರೆಸಿಕೊಂಡರು. ವಾಟಿಯಂತೂ ಬಿಕ್ಕಿ ಬಿಕ್ಕಿ ಅತ್ತ.

"ನಾನು ಇಷ್ಟು ಒಳ್ಳೇವ್ನು ಅಂತ ನಂಗೇ ಗೊತ್ತಿರ್ಲಿಲ್ಲ" ಎಂದ.

ಮರುದಿನ ಬೆಳಿಗ್ಗೆ ಹಾಲಿನವಳು ಅದನ್ನು ಗುನುಗುತ್ತಾ ಬಂದಳು. ಬಸ್ಸಿನ ಡ್ರೈವರ್ ಸಿಳ್ಳೆ ಹಾಕಿದ. ಶಾಲೆಯ ಮೇಷ್ಟ್ರು ರೇಡಿಯೋದವರಿಗೆ ಕಾಗದ ಬರೆದೇಬಿಟ್ಟರು. 'ಮುಂದಿನ ವಾರದ ಶುಕ್ರವಾರ ಮಧ್ಯಾಹ್ನ ಯಂತ್ರಗಳೊಂದಿಗೆ ಬಂದು ಧ್ವನಿ ಮುದ್ರಿಸಿಕೊಳ್ಳುತ್ತೇವೆ' ಎಂದು ಉತ್ತರ ಬಂತು. ನಾನೇ ಅದನ್ನು ಲಡೋವಿಕ್ ಕೈಗೆ ಕೊಟ್ಟೆ. ಅವರು ಓದಿ, ಮಡಿಸಿ, ಟೋಪಿಯೊಳಗೆ ಇಟ್ಟುಕೊಂಡರು. ಟೋಪಿಯನ್ನು ಮತ್ತೆ ತಲೆಗೆ ಹಾಕದೆ ಕೈಯಲ್ಲೇ ಹಿಡಿದುಕೊಂಡು ಮನೆಗೆ ಹೋದರು.

ವಾಟಿ ಮಂಗಳವಾರ ಬಸ್ಸು ಹತ್ತಿದ. ಶನಿವಾರ ಅದೇ ಬಸ್ಸಿನಿಂದ, ಅದೇ ಟ್ರಂಕು ಹೊತ್ತು ಇಳಿದ.

ಅಂಚೆ ಕಚೇರಿಯ ಮುಂದೆ ಆಗ ಲಡೋವಿಕ್ ಕೂಡ ಇದ್ದರು.

"ಏನಾದ್ರೂ ಮರೆತುಹೋಗಿದ್ಯಾ?" ಎಂದರು.

"ಇಲ್ಲ."

"ಹಡಗು ತಪ್ಪಿತಾ?"

"ಹಡಗು ಅಲ್ಲೇ ಇತ್ತು. ತುಂಬಾ ದೊಡ್ಡದಪ್ಪಾ. ಅಷ್ಟು ದೊಡ್ಡದು ತೇಲ್ತದೆ ಅಂದ್ರೆ ನಂಬೋದು ಹೆಂಗೆ?"

"ಮುಂದಿನ ಹಡಗು ಯಾವತ್ತು?"

"ನಾನು ಹೋಗಲ್ಲ ಲಡೋವಿಕ್."

ಲಡೋವಿಕ್ ಟ್ರಂಕಿನ ಮೇಲೆ ಕೂತರು. "ವಾಟಿ, ನನ್ನ ಜನ್ಮದಲ್ಲಿ ಬಂದಿರೋದು ಒಂದೇ ಒಂದು ಮಟ್ಟು. ಅದರ ಹೆಸರು, ನೀನು ಈ ಕಣಿವೆಗೆ ಹೇಳಿದ ವಿದಾಯ. ಈಗ ನೀನು ಇಲ್ಲಿ ನಿಂತ್ಕೊಂಡು ಬಿಸ್ಕತ್ತು ತಿಂತಿದ್ದೀಯ. ರೇಡಿಯೋದವರಿಗೆ ಏನಂತ ಹೇಳ್ಲಿ?"

"ವಾಪಸು ಬಂದದ್ದು ಅಂತ ಹೆಸರಿಡು."

"ಇಷ್ಟು ಅಳು ಇರೋ ಮಟ್ಟಿಗೆ ವಾಪಸು ಬಂದದ್ದು ಅಂತ ಇಟ್ರೆ, ನೀನು ಬಂದಿದ್ದಕ್ಕೆ ಊರೆಲ್ಲ ಅಳ್ತಿದೆ ಅನ್ಕೊಳ್ತಾರೆ."

"ಅದೇನೂ ಸುಳ್ಳಲ್ಲ" ಎಂದರು ಅಂಚೆಚೀಟಿ ಕೊಳ್ಳಲು ಬಂದಿದ್ದ ಮಿಸೆಸ್ ಲೀಪರ್.

ಆ ವಾರವೆಲ್ಲ ನನ್ನ ಅಂಚೆ ಕಚೇರಿಯಲ್ಲಿ ಅದೇ ಪಂಚಾಯಿತಿ. ವಿದಾಯ ತಮ್ಮ ಹೆಸರಿಗಿರಲಿ ಎಂದು ಮೇಷ್ಟ್ರು ಊರು ಬಿಡಲು ಮುಂದೆ ಬಂದರು. ಅವರಿಗೆ ಹೇಗೂ ಬೇರೆ ಊರಿನ ಶಾಲೆ ಬೇಕಿತ್ತು. ಆದರೆ ಮೇಷ್ಟ್ರ ಕಾಲು ನೆಟ್ಟಗಿತ್ತು, ಮಟ್ಟಿನಲ್ಲಿ ಕುಂಟು ಇತ್ತು. ತೊಂಬತ್ತಮೂರರ ಎಲ್ಸ್‌ಪೆತ್ ಅಜ್ಜಿ ಮೊಮ್ಮಗಳ ಕೈಲಿ ಹೇಳಿಕಳಿಸಿದಳು: "ಅದನ್ನ ನಂಗೆ ಕೊಟ್ಬಿಡಿ. ನಾನಂತೂ ಹೋಗೋದು ಗ್ಯಾರಂಟಿ. ಆದ್ರೆ ಶುಕ್ರವಾರದೊಳಗೆ ಅಂತ ಮಾತು ಕೊಡಕ್ಕಾಗಲ್ಲ."

ಲಡೋವಿಕ್ ಯಾವುದಕ್ಕೂ ಒಪ್ಪಲಿಲ್ಲ. "ಹೆಸರು ಸುಳ್ಳಾದ್ರೆ ನುಡಿಸಲ್ಲ. ಅಷ್ಟೆ."

"ರೇಡಿಯೋದವರು ಮತ್ತೆ ಬರ್ತಾರೆ ಅನ್ಕೊಂಡಿದ್ದೀರಾ?" ಎಂದೆ.

"ಬರಲ್ಲ ಅಂತ ಗೊತ್ತು, ಬೆತ್ತಿ" ಎಂದರು. ಗಡ್ಡ ಬೋಳಿಸಿಕೊಂಡಿರಲಿಲ್ಲ.

ಶುಕ್ರವಾರ ರೇಡಿಯೋದಾತ ಬಂದ. ಕಿವಿಗೆ ಎರಡು ಕರಿ ಬಿಲ್ಲೆ ಕಟ್ಟಿಕೊಂಡ ಸಣಕಲ ಮನುಷ್ಯ. ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುವವನು. ಹಾಲ್‌ನಲ್ಲಿ ಊರೆಲ್ಲ ಕೂತಿತ್ತು. ವಾಟಿಯನ್ನು ಕಣ್ಣಿಗೆ ಬೀಳದ ಹಾಗೆ ಪಕ್ಕದ ಅಡಿಗೆಕೋಣೆಯಲ್ಲಿ ಚಹಾ ಕಾಯಿಸಲು ಕೂರಿಸಿದ್ದೆವು.

ಲಡೋವಿಕ್ ಮೋಟಾರ್ ಸೈಕಲ್ಲಿನ ಮಟ್ಟು ನುಡಿಸಿದರು. ಲೀಪರ್ ಅವರ ಎರಡನ್ನೂ ನುಡಿಸಿದರು. ರೇಡಿಯೋದಾತ ತಲೆಯಾಡಿಸಿ ಗಡಿಯಾರ ನೋಡಿಕೊಂಡ.

"ಇನ್ನು ನಾವು ಬಂದಿರೋದೇ ಅದಕ್ಕೆ. ಹೆಸರು ನೀವೇ ಹೇಳಿ, ಆಮೇಲೆ ಶುರುಮಾಡಿ" ಎಂದು ಮೈಕನ್ನು ಮುಂದೆ ಸರಿಸಿದ.

ಲಡೋವಿಕ್ ಪಿಟೀಲನ್ನು ಗದ್ದದ ಕೆಳಗೆ ಇಟ್ಟರು. ಮತ್ತೆ ಕೆಳಗಿಳಿಸಿದರು.

"ಈ ಮಟ್ಟಿಗೆ ಹೆಸರಿಲ್ಲ ಸಾರ್. ಆದ್ದರಿಂದ ಮಟ್ಟೂ ಇಲ್ಲ."

"ಡುತೀ ಅನ್ನೋರ ವಿದಾಯ ಅಂತ ಕಾಗದದಲ್ಲಿತ್ತಲ್ಲ?"

"ಆ ಮನುಷ್ಯ ಹೋಗ್ಲಿಲ್ಲ."

ಅಡಿಗೆಕೋಣೆಯ ಬಾಗಿಲು ತೆರೆಯಿತು. ಚಹಾದ ದೊಡ್ಡ ಕೆಟಲ್ ಹಿಡಿದುಕೊಂಡೇ ವಾಟಿ ಕಾಲೆಳೆಯುತ್ತಾ ಹಾಲ್‌ನ ನಡುವಿಗೆ ಬಂದ.

"ಹೋಗೋನೇ ಇದ್ದೆ. ಬಂದರಿನವರೆಗೂ ಇದನ್ನೇ ಸಿಳ್ಳೆ ಹಾಕ್ಕೊಂಡು ಹೋದೆ. ಮೊದಲರ್ಧ ಚೆನ್ನಾಗಿ ಬಂತು. ಎರಡನೇದು ಬರ್ಲಿಲ್ಲ. ಹತ್ತು ಸಲ ಶುರುಮಾಡ್ದೆ, ಇಪ್ಪತ್ತು ಸಲ ಮಾಡ್ದೆ, ಮೇಲೆ ಹತ್ತಿ ಅಲ್ಲೇ ಕಳೆದುಹೋಗ್ತಿತ್ತು. ಅಲ್ಲಿ ಯಾರನ್ನ ಕೇಳ್ಲಿ? ಅಕ್ಕನಿಗೂ ಗೊತ್ತಿಲ್ಲ. ನನ್ನ ಮಟ್ಟು ನಂಗೇ ಅರ್ಧ ಬರ್ತದೆ ಅಂದ್ಕೊಂಡು ಸಮುದ್ರ ದಾಟೋದು ಹೆಂಗೆ? ಅದಕ್ಕೆ ಕೇಳಿಕೊಂಡು ಹೋಗೋಣ ಅಂತ ಬಂದೆ. ಆಮೇಲೆ ಕೇಳಕ್ಕೆ ನಾಚಿಕೆ ಆಯ್ತು."

"ಹಡಗು ದೊಡ್ಡದು ಅಂದ್ಯಲ್ಲೋ."

"ದೊಡ್ಡದೂ ಇತ್ತು."

ರೇಡಿಯೋದಾತ ಗಂಟಲು ಸರಿಮಾಡಿಕೊಂಡ. ಲಡೋವಿಕ್ ಪಿಟೀಲು ಏರಿಸಿ, ಮೈಕಿನ ಕಡೆ ಬಾಗಿ, ಪಾದ್ರಿಗಳು ವಚನ ಓದುವಷ್ಟು ಸ್ಪಷ್ಟವಾಗಿ ಹೇಳಿದರು: "ವಾಟಿ ಡುತೀ ಕಣಿವೆಗೆ ಹೇಳಿದ ವಿದಾಯ. ಮೊದಲರ್ಧ ಹೇಳಿ ಆಗಿದೆ. ಎರಡನೆಯದು ಬಾಕಿ ಇದೆ."

ನುಡಿಸಿದರು. ಈ ಸಲ ನಾನು ಕೈ ನಿಲ್ಲಿಸಲಿಲ್ಲ, ಆದರೆ ಏನು ಬಾರಿಸಿದೆನೋ ತಿಳಿಯದು. ಮುಗಿದಾಗ ರೇಡಿಯೋದಾತ ಕಿವಿಯ ಬಿಲ್ಲೆಗಳನ್ನು ತೆಗೆದು ಕನ್ನಡಕ ಒರೆಸಿಕೊಂಡ. ಅದು ಪ್ರಸಾರವಾದ ಮೇಲೆ ಉತ್ತರದ ಇನ್ವರ್ನೆಸ್ ಪಟ್ಟಣದಿಂದ ದಕ್ಷಿಣದ ಗಡಿಯವರೆಗೂ ಪಿಟೀಲಿನವರು ಅದನ್ನು ನುಡಿಸತೊಡಗಿದರು.

ವಾಟಿ ಮಾತ್ರ ಶುಕ್ರವಾರ ಶುಕ್ರವಾರ ಹಾಲ್‌ಗೆ ಬಂದು ಎರಡನೆಯ ಅರ್ಧ ಕಲಿಯುತ್ತಿದ್ದ. ಕಲಿತ ಕೂಡಲೇ ಹಡಗಿನ ಚೀಟಿ ಮಾಡಿಸುವುದಾಗಿ ಅಕ್ಕನಿಗೆ ಬರೆದಿದ್ದ. ವಸಂತ ಬಂತು, ಕುರಿಗಳು ಮರಿ ಹಾಕಿದವು. ಒಂದು ದಿನ ನಾವು ಮೂವರೂ ಹಾಲ್‌ಗೆ ಬೀಗ ಹಾಕಿ ಹೊರಡುವಾಗ ವಾಟಿ ಮೆಟ್ಟಿಲ ಮೇಲೆ ನಿಂತು ಪೂರ್ತಿ ಸಿಳ್ಳೆ ಹಾಕಿದ. ಎಲ್ಲ ಸರಿಯಾಗಿತ್ತು, ಕೊನೆಯಲ್ಲಿ ಕೆಳಗಿಳಿಯಬೇಕಾದ ಕಡೆ ಮೇಲೆ ಹೋಗಿ ಎಲ್ಲೋ ನಿಂತುಬಿಟ್ಟ.

"ಸರಿ ಬಂತಾ?" ಎಂದ.

ಚರ್ಚಿನಲ್ಲಿ ಪಾದ್ರಿಗಳು ಒಂದು ಸ್ವರ ತಪ್ಪಿದರೂ ಎದ್ದು ನಿಂತು ತಿದ್ದುವ ಮನುಷ್ಯ ಲಡೋವಿಕ್. ನಾನು ಕಾದೆ. ಅವರು ಬಾಗಿ, ಸರಿಯಾಗಿಯೇ ಇದ್ದ ಬೂಟಿನ ದಾರವನ್ನು ಬಿಚ್ಚಿ, ಮತ್ತೆ ಕಟ್ಟತೊಡಗಿದರು.

"ಎಲ್ಲೋ ಸ್ವಲ್ಪ ತಪ್ಪಿದೆ ಕಣೋ" ಎಂದರು. "ಎಲ್ಲಿ ಅಂತ ನಂಗೂ ಹೊಳೀತಿಲ್ಲ. ಬರೋ ಶುಕ್ರವಾರ ನೋಡೋಣ."