ಒಳಜೇಬು

ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದಿದ್ದಾನಲ್ಲ ಪುಣ್ಯಾತ್ಮ, ಹಿರೇಕೆರೂರಿನ ಮಾಮಲೇದಾರ ಕಚೇರಿಗೆ ಬರುವವನು ಅದನ್ನಾದರೂ ತೆಗೆದಿಡಬಾರದೆ — ಬೇವಿನ ನೆರಳಲ್ಲಿ ಪೊಲೀಸನ ಪಕ್ಕ ನಿಂತ ದರ್ಜಿ ಮಲ್ಲಿಕಸಾಬನನ್ನು ಕಂಡು ಕರಬಸಪ್ಪ ಬೆಂಚಿನ ಮೇಲೆ ಮುಖ ತಿರುಗಿಸಿ ಕೂತ, ಕೂತರೇನು, ಟೇಪು ಕಣ್ಣಿನಿಂದ ಸರಿಯಲಿಲ್ಲ, ಹೋದ ವಾರ ಚಿಕ್ಕೇರೂರಿನ ಅಂಗಡಿಯಲ್ಲಿ ಅದೇ ಟೇಪು ತನ್ನ ಎದೆ ಸುತ್ತಿತ್ತು, ಹೇಳ್ರಿ ಸಾವಕಾರ್ರ, ಪಿಸ್ತೂಲು ಎಷ್ಟುದ್ದ ಇರತೈತಿ, ಹೊರಗ ಒಂದು ನೆರಿಗಿ ಸೈತ ಕಾಣದಂಗ ಒಳಜೇಬು ಹೊಲಿತೇನಿ, ಎನ್ನುತ್ತ ಜಾಕೀಟಿನ ಒಳಗೆ, ಎಡ ಎದೆಯ ಮೇಲೆ, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದ, ಆ ಗೆರೆ ಎಳೆಸಿಕೊಳ್ಳುವಾಗ ತಾನು ಅವನ ಹೆಸರನ್ನು ಕಚೇರಿಯಲ್ಲಿ ಹೇಳಿ ಬಂದಾಗಿತ್ತು, ಥೂ, ಆದರೂ ಕೈ ಎತ್ತಿಕೊಂಡು ನಿಂತೆನಲ್ಲ. ಪಿಸ್ತೂಲಿನ ಲೈಸೆನ್ಸ್ ಬೇಕಿದ್ದುದಾದರೂ ಯಾಕೆ, ಹತ್ತಿ ಮಾರಿದ ಹಣ ಇಟ್ಟುಕೊಂಡು ಯಲವಿಗಿ ಸ್ಟೇಷನ್ನಿನಿಂದ ಎಷ್ಟು ಸಲ ಒಬ್ಬನೇ ಬಂದಿಲ್ಲ, ಒಂದು ನಾಯಿಯೂ ಅಡ್ಡ ಬಂದಿಲ್ಲ — ಹಾನಗಲ್ಲಿನ ಬೀಗ ಪರಮೇಶಪ್ಪ ಮದುವೆಯ ಪಂಕ್ತಿಯಲ್ಲಿ ಕೋಟಿನ ಎಡಭಾಗ ಮೆಲ್ಲಗೆ ತಟ್ಟಿಕೊಳ್ಳುತ್ತಾನೆ, ಒಳಗಿರುವುದು ಏನೆಂದು ಎಲ್ಲರಿಗೂ ಗೊತ್ತು, ಅಷ್ಟಕ್ಕೇ ಹೊಟ್ಟೆ ಉರಿದದ್ದು. ಅರ್ಜಿ ತೆಗೆದುಕೊಂಡ ಕಾರಕೂನ ಕನ್ನಡಕದ ಮೇಲಿಂದ ನೋಡಿದ, ಯಾರ ಹೆದರಿಕಿ ಐತ್ರಿ ನಿಮಗ, ಹೆಸರು ಹೇಳ್ರಿ, ಹೆಸರಿಲ್ಲದ ಹೆದರಿಕಿಗೆ ಸರಕಾರ ಪಿಸ್ತೂಲು ಕೊಡೂದಿಲ್ಲ. ವೈರಿ ಅಂತ ಒಬ್ಬನೂ ನೆನಪಾಗಲಿಲ್ಲ, ಅದಕ್ಕೂ ನಾಚಿಕೆ, ನೆನಪಾದದ್ದು ಮಲ್ಲಿಕಸಾಬ, ಗದ್ದದಡಿ ಟೇಪು ಹಿಡಿದಾಗ ಕಚಗುಳಿಯಾಗಿ ತಾನು ಕುಣಿದರೆ ಅವನದು ಪ್ರತಿಸಲ ಅದೇ ಚೇಷ್ಟೆ, ಅಲುಗಾಡಬ್ಯಾಡ್ರಿ, ಕುತ್ತಿಗಿಗೇ ಕತ್ತರಿ ಹಾಕಿಬಿಡ್ತೇನಿ ನೋಡ್ರಿ — ಕಾರಕೂನನಿಗೆ ಕರಬಸಪ್ಪ ಅದನ್ನೇ ಹೇಳಿದ, ಇಬ್ಬರೂ ನಕ್ಕದ್ದೊಂದನ್ನು ಬಿಟ್ಟು.

ಬರುತ್ತಿದ್ದಾನೆ, ಇತ್ತಲೇ ಬರುತ್ತಿದ್ದಾನೆ, ಕೈಯಲ್ಲಿ ಆ ಜಾಕೀಟು, ಸಾವಕಾರ್ರ, ನೀವೂ ಇಲ್ಲೇ ಅದೀರಿ, ಚಲೋ ಆತು, ಗುಂಡಿ ಒಂದು ಉಳದೈತಿ, ಅಷ್ಟರಾಗ ಈ ಪೊಲೀಸರು ಕತ್ತರಿ ತಗೊಂಡು ನನ್ನೂ ಕರಕೊಂಡು ಬಂದಾರ, ನಿಮ್ಮನ್ನ ಯಾರೋ ಹೆದರಿಸ್ಯಾರಂತ, ಯಾರ್ರೀ ಅವ, ಇನ್ನ ಮ್ಯಾಲೆ ಒಬ್ಬರ ಅಡ್ಡಾಡಬ್ಯಾಡ್ರಿ, ಯಲವಿಗಿಗೆ ನಾ ಜೋಡಿ ಬರ್ತೇನಿ. ಹೇಳಿಬಿಡಬೇಕು, ಈಗಲೇ, ತಪ್ಪಾತೋ ಮಲ್ಲಿಕಾ ಅನ್ನಬೇಕು, ಅಷ್ಟರಲ್ಲಿ ಒಳಗಿನಿಂದ ಕೂಗು, ಇಬ್ಬರೂ ಬರ್ರಿ. ಮೇಜಿನ ಮೇಲೆ ಕತ್ತರಿ. ಮಾಮಲೇದಾರರು ಕೇಳುತ್ತಾರೆ, ಹೆದರಿಸಿದವ ಇವನೇನ್ರಿ — ಅಲ್ಲ ಎಂದರೆ ಸುಳ್ಳು ಅರ್ಜಿ, ಕಚೇರಿ ತುಂಬ ಜನ, ಸಂಜೆಯೊಳಗೆ ಹಾನಗಲ್ಲಿಗೆ ಸುದ್ದಿ, ಪರಮೇಶಪ್ಪ ಬಿದ್ದುಬಿದ್ದು ನಗುತ್ತಾನೆ, ಹೌದು ಎಂದರೆ ಇವನಿಗೆ ಜೇಲು, ಅಂಗಡಿಗೆ ಬೀಗ, ಹೆಂಡತಿ ಹುಸೇನಬಿಗೆ ಯಾರು ಗತಿ, ಅಲ್ಲ ಅನ್ನು, ಅನ್ನೋ — ಕುತ್ತಿಗೆ ತನ್ನಷ್ಟಕ್ಕೇ ಬಾಗಿತು, ಹೌದು. ಮಲ್ಲಿಕಸಾಬ ನಗುತ್ತಿದ್ದಾನೆ, ಸಾವಕಾರ್ರು ಚೇಷ್ಟಿ ಮಾಡಾಕತ್ತಾರ್ರೀ ಸಾಹೇಬ್ರ, ಇನ್ನೂ ನಗುತ್ತಿದ್ದಾನೆ, ಜಾಕೀಟು ಅವನ ತೋಳ ಮೇಲೆ ಮಗುಚಿಕೊಂಡಿದೆ, ಒಳಮೈ ಹೊರಗೆ, ಜೇಬಿನ ಅಂಚಿಗೆ ಸೀಮೆಸುಣ್ಣದ ಗೆರೆ, ಎಡ ಎದೆಯ ಮೇಲೆ, ಇನ್ನೂ ಅಳಿಸಿಲ್ಲ, ಬಿಳಿ ಗೆರೆ, ಗೆರೆ —